ತೂತಿಲ್ಲದ ತೇಪೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಪಾತ್ರೆ ಅಂಗಡಿಗೆ ಆತು ನಿಂತ
ಎಂಟಡಿ ಅಗಲದ ಅಂಗಡಿ ನನ್ನದು.
ಮೂವತ್ತೆಂಟು ವರ್ಷದ ಹಾಸನದ ತೋಳು, ಸುತ್ತಳತೆ, ಕುತ್ತಿಗೆ
ಈ ಉದ್ದ ಪುಸ್ತಕದಲ್ಲಿವೆ.
ಯಾರು ತುಂಬಿಕೊಂಡರು, ಯಾರು ಕರಗಿದರು,
ಯಾರ ಹೆಸರಿನ ಮುಂದೆ ಆಮೇಲೆ ಏನೂ ಬರೆಯಲಿಲ್ಲ,
ಎಲ್ಲ ಇಂಚಿನ ಲೆಕ್ಕ.

ಈಗ ಅಳತೆ ಸಾಲದು. ಫೋನು ಚಾಚುತ್ತಾರೆ.
"ದಸ್ತಗೀರ್ ಮಾಸ್ಟ್ರೇ, ಏಳೂವರೆಯವಳ ಬೆನ್ನು."
"ನಂಗೆ ಎಂಟು ಗಂಟೆಯವಳ ತೋಳು."
ಧಾರಾವಾಹಿಗೆ ಹೆಸರುಂಟು, ಯಾರೂ ಹೇಳುವುದಿಲ್ಲ,
ಅರಸೀಕೆರೆ ಪ್ಯಾಸೆಂಜರಿನ ಹಾಗೆ
ಗಂಟೆಯಿಂದಲೇ ಗುರುತು.

ಒಂದು ಮಾತು, ನಗಬೇಡಿ.
ನಾಯಕಿಯ ರವಿಕೆಗೆ ಗಿರಾಕಿ ಇಲ್ಲ.
ಅತ್ತು ಅತ್ತು ಗೆಲ್ಲುವವಳಿಗೆ ಲೊಚಗುಟ್ಟುತ್ತಾರೆ,
ಹೊಲಿಸುವುದು ಮಾತ್ರ
ಹಾಲಿಗೆ ವಿಷ ಬೆರೆಸುವವಳದ್ದು.
ಸಾಲಗಾಮೆ ರಸ್ತೆಯ ಟೀಚರಮ್ಮ, ಸೊಸೈಟಿಯ ಕ್ಲಾರ್ಕು,
ತಮ್ಮನ ಸೊಸೆ ಕೂಡ, ಬುರ್ಖಾದೊಳಗಿಂದ ಫೋನು ತೆಗೆದು,
"ಮನೇಲಿ ಹಾಕ್ಕೊಳ್ಳೋಕೆ ಚಾಚಾ, ಇದೇ ಕುತ್ತಿಗೆ."

ಮೊನ್ನೆ ಪೆನ್ಷನ್ ಮೊಹಲ್ಲಾದಲ್ಲಿ ನೀರಿನ ಟ್ಯಾಂಕರ್ ಮುಂದೆ
ಇಬ್ಬರು ಜಗಳಕ್ಕೆ ನಿಂತರು.
ಒಬ್ಬಳು ಒಂದು ಮಾತಾಡಿ ತಡೆದಳು.
ಇನ್ನೊಬ್ಬಳು ಮೆಲ್ಲಗೆ ಕತ್ತು ತಿರುಗಿಸಿದಳು,
ಮತ್ತೊಮ್ಮೆ, ಮತ್ತೂ ಒಮ್ಮೆ.
ಹಿನ್ನೆಲೆಯ ಸಿಡಿಲಿಗೆ ಇಬ್ಬರೂ ಕಾದ ಹಾಗಿತ್ತು.
ಕೊಡ ತುಂಬಿ ಹರಿಯುತ್ತಿತ್ತು.
ನನ್ನಮ್ಮನ ಕಾಲದ ಜಗಳದಲ್ಲಿ
ಉಸಿರೆಳೆಯಲೂ ಪುರುಸೊತ್ತಿರಲಿಲ್ಲ.

ನಾನೂ ನೋಡುತ್ತೇನೆ, ಸುಳ್ಳೇಕೆ.
ಇಸ್ತ್ರಿ ಮೇಜಿನ ಮೂಲೆಯಲ್ಲಿ ಚಿಕ್ಕ ಟಿವಿ.
ಕಥೆ ಬೇಡ ನನಗೆ, ಹೊಲಿಗೆ ನೋಡುತ್ತೇನೆ.
ಮಲಗುವಾಗಲೂ ಜರಿ ಉಡುವ ಆ ಮನೆಗೆ
ಈಚೆಗೊಬ್ಬ ಕೆಲಸದಾಕೆ ಬಂದಿದ್ದಾಳೆ.
ಬಡವಿ ಎಂದು ನಮಗೆ ತಿಳಿಯಲು
ಹೆಗಲ ಮೇಲೊಂದು ತೇಪೆ,
ಚೌಕ, ಅಚ್ಚುಕಟ್ಟು, ಅರಿಸಿನ ಬಣ್ಣ.
ಕನ್ನಡಕ ಬಂದರೂ ಸೂಜಿಯ ಬುದ್ಧಿ ಹೋಗಿಲ್ಲ ನನಗೆ.
ಬಟ್ಟೆ ಹೊಸದು.
ತೇಪೆಯ ಅಡಿ ತೂತಿಲ್ಲ.

ಅದೂ ಹೆಗಲಲ್ಲಿ!
ದುಡಿಯುವವರ ರವಿಕೆ ಹರಿಯುವುದು ಕಂಕುಳಲ್ಲಿ ಸ್ವಾಮಿ,
ಬೆವರು ಮೊದಲು ದಾರ ತಿನ್ನುತ್ತದೆ,
ಎತ್ತಿದ ಕೈ ಉಳಿದದ್ದನ್ನು ಮುಗಿಸುತ್ತದೆ.

ಎಪಿಎಂಸಿಯಲ್ಲಿ ಆಲೂಗಡ್ಡೆ ಆರಿಸುವ ನಿಂಗಾಜಮ್ಮ
ವರ್ಷಕ್ಕೊಮ್ಮೆ ಬರುತ್ತಾಳೆ, ಉಗುರಲ್ಲಿ ಕೆಂಪು ಮಣ್ಣು.
ಪ್ರತಿ ಸಲ ಒಂದೇ ಮಾತು:
"ಒಳಗಿಂದ ಹಾಕಣ್ಣ, ಯಾರ್ಗೂ ಕಾಣ್ಬಾರ್ದು."
ಅದೇ ಬಣ್ಣದ ಚೂರು ಹುಡುಕಿ, ಅದೇ ದಾರ ಹುಡುಕಿ
ಕಾಣದ ಹಾಗೆ ಹಾಕಿದ್ದೇನೆ, ಹನ್ನೊಂದು ವರ್ಷ.

ಈ ಸಲ ರವಿಕೆ ಮೇಜಿನ ಮೇಲಿಟ್ಟು
ಸ್ವಲ್ಪ ನಾಚಿಕೊಂಡಳು.
"ಹೊರಗಡೆಗೇ ಹಾಕು. ಅರಿಸಿನದ್ ಬಟ್ಟೆದು.
ಏಳೂವರೆಯೋಳ ಹೆಗಲ್ ಮ್ಯಾಲಿಲ್ವಾ, ಹಂಗೆ."

ಅದು ಸುಳ್ಳು ತೇಪೆ ಕಣಮ್ಮ,
ಯಾರೋ ಹೊಸ ಬಟ್ಟೆಗೆ ಬೇಕಂತಲೇ ಮೆತ್ತಿದ್ದು,
ಅನ್ನಬೇಕಿತ್ತು.
ಬಾಯಿ ತುಂಬ ಗುಂಡುಸೂಜಿ ಇದ್ದವು.

ಅಷ್ಟರಲ್ಲಿ ಅವಳೇ ಅಂದಳು:
"ಯಾರ್ಡಿನಾಗೆ ಎಲ್ರೂ ಅವ್ಳು ಚಂದಾಗವ್ಳೆ ಅಂತಾರೆ.
ತ್ಯಾಪೆ ಹಾಕ್ಕಂಡೂ ಚಂದಾಗಿರ್ಬೋದು ಅಂತ
ನಂಗೇನ್ ಗೊತ್ತಿತ್ತಣ್ಣ."

ಎರಡು ತೇಪೆ ಹಾಕಿದೆ.
ಕಂಕುಳಲ್ಲಿ ಒಳಗಿಂದ, ಹಳೇ ರೀತಿ.
ಹೆಗಲ ಮೇಲೆ ಅರಿಸಿನದ ಚೌಕ,
ಅಂಚು ಮಡಚಿ, ಸಣ್ಣ ಹೊಲಿಗೆ,
ಮದುವೆ ರವಿಕೆಗೆ ಕೂರುವಷ್ಟು ಹೊತ್ತು ಕೂತು.

"ಎಷ್ಟಣ್ಣ?"
ಹರಿದದ್ದಕ್ಕೆ ಇಪ್ಪತ್ತು ರೂಪಾಯಿ.
ಹರಿಯದ್ದಕ್ಕೆ ಏನು ಹೇಳಲಿ,
ಮೂವತ್ತೆಂಟು ವರ್ಷದಲ್ಲಿ ಆ ದರ ಬರೆದಿಲ್ಲ.

ಕನ್ನಡಿಯೆದುರು, ಉಟ್ಟ ಸೀರೆಯ ಮೇಲೇ
ರವಿಕೆ ಹಿಡಿದು ನೋಡಿದಳು,
ಹೆಗಲು ಮುಂದಕ್ಕೆ ತಂದು,
ಕಂಕುಳ ಭಾಗವನ್ನು ಹೆಬ್ಬೆರಳಡಿ ಮಡಿಸಿ.
ಆಮೇಲೆ ಗೋಡೆಯ ಗಡಿಯಾರ ಕಂಡು
"ಅಯ್ಯೋ, ಏಳೂಕಾಲು!" ಎಂದು
ಚಿಲ್ಲರೆ ಬಿಟ್ಟೇ ಓಡಿದಳು.