ಧಾರಣೆ

ಭಟ್ಟಿಯಿಂದ ಈಗಷ್ಟೇ ಜಾರಿದ ಹಾಗೆ ಬೆಳ್ಳಗೆ, ಹಗುರ;
ಮಂಡಕ್ಕಿ ಅಂತಲೇ ಹೆಸರಿಟ್ಟೆ.

ವಿದ್ಯಾನಗರದ ಮೂರನೇ ಮಹಡಿಯಲ್ಲಿ
ಹಾಲ್ ತುಂಬಾ ಹಳೇ ಪೇಪರ್ ಹಾಸಿದೆ.
ವಾರಕ್ಕೆ ಅರ್ಧವಾಯಿತು, ಆಮೇಲೆ
ಬಾಗಿಲ ಬಳಿ ಒಂದೇ ಹಾಳೆ:
ದಾವಣಗೆರೆ ಮೆಕ್ಕೆಜೋಳದ ಧಾರಣೆಯ ಮೇಲೆ
ತಪ್ಪದೆ, ಮೂರು ಹೊತ್ತು.

ಇನ್ನು ಕೆಳಗೆ ಕಲಿಸಬೇಕು.
ಕರೆಂಟಿಲ್ಲ, ಲಿಫ್ಟಿಲ್ಲ, ನಸುಕಿನ ನಾಲ್ಕಕ್ಕೆ
ಬಿಸಿ ಹೊಟ್ಟೆಯನ್ನು ಅಂಗೈಲಿಟ್ಟುಕೊಂಡು ಓಡಿ
ಹೊಂಗೆಯ ಬುಡದಲ್ಲಿ ಇಳಿಸಿದರೆ
ಮಣ್ಣು ಮೂಸಿತು, ನನ್ನ ಮುಖ ನೋಡಿತು.
ಹಿಡಿದುಕೊಂಡೇ ಮೇಲೆ ಬಂದು
ಪೇಪರಿನ ಮೇಲೆ ಕೂತಿತು, ಜಾಣಮರಿ.

ಮರುದಿನ ಹಾಳೆಯನ್ನೇ ಒಯ್ದು ಮಣ್ಣಿಗೆ ಹಾಸಿದೆ.
"ಓದಾಕೆ ಕೊಟ್ರೇನ್ರೀ ಅದಕ್ಕೆ?"
ವಾಚ್‌ಮನ್ ಹಾಲಪ್ಪ ಬೀಡಿ ತೆಗೆದು ನಕ್ಕ.
ಗಾಳಿ ಬಂತು. ಹಾಳೆ ಎದ್ದು ಗೇಟಿನತ್ತ ಹೊರಟಿತು;
ಹಿಂದೆಯೇ ಮಂಡಕ್ಕಿ, ಬೊಗಳುತ್ತ.
ಅರ್ಧ ದಾರಿಯಲ್ಲಿ ತಟ್ಟನೆ ನಿಂತು,
ಮರೆತು,
ಬರಿ ನೆಲದ ಮೇಲೆ ಕೂತಿತು.