ಬಲಕ್ಕ, ತೆಳಗ

ಮೊದಲು ಖಾರಿ ಟ್ರೇಗಳ ಮ್ಯಾಲ ಸಂಶೆ ಬಂತು.
ಹನ್ನೆರಡು ಟ್ರೇ, ಒಂದರ ಮ್ಯಾಲೊಂದು.
ಶಿರೂರು ದಾಟಿ ಕಮತಗಿ ಹಂಪು ಬಂತಂದ್ರ
ಓಮ್ನಿಯೊಳಗ ಎಲ್ಲಾ ಒಮ್ಮೆಲೆ ಮಾತಾಡತಾವು.
ಗೋಣಿಚೀಲ ತುರುಕಿದೆ. ಹಗ್ಗ ಬಿಗಿದೆ.
ಟೋಸ್ಟಿನ ಡಬ್ಬಿಗೆ ಹಳೇ ಸೀರಿ ಸುತ್ತಿದೆ.
ಎಲ್ಲಾ ಸುಮ್ಮಾದವು.
ಅದೊಂದು ಸುಮ್ಮಾಗಲಿಲ್ಲ.

ಟಕ್.

ಸಣ್ಣದು. ಯಾರೋ ಬಾಗಲಾಗ ನಿಂತು
ಬೆರಳ ಗಣಿಕಿಲೆ ಒಮ್ಮೆ ಬಡದು
ಮತ್ತ ಬ್ಯಾಡಂತ ಹೊಳ್ಳಿ ಹೋಧಂಗ.

ಅಣ್ಣ ಅಂದ, ರಸ್ತಾನ ಹಂಗೈತಿ.
ಗುಳೇದಗುಡ್ಡದ ಅಂಗಡ್ಯಾಂವ ಅಂದ, ಶಾಕಪ್ ಹೋಗ್ಯಾವ.
ಪೆಟ್ರೋಲ್ ಹಾಕೂ ಹುಡುಗ, ಸೈಲೆನ್ಸರ್ ಅಕ್ಕಾ, ಸೈಲೆನ್ಸರ್.
ಕೇಳಿದವರ ಹಂತೇಕ ಎಲ್ಲಾರ ಹಂತೇಕೂ ಉತ್ತರ ಇತ್ತು.
ಯಾರೂ ಬಗ್ಗಿ ನೋಡಲಿಲ್ಲ.

ನವನಗರದ ತುದಿಗೆ ದಾವಲಸಾಬ ನದಾಫನ ಶೆಡ್ಡು.
ಮೂವತ್ತು ವರ್ಷ ತಗಡು ಬಡದು ಬಡದು
ಎರಡೂ ಕಿವಿ ಮುಚ್ಚಿಕೊಂಡಾಂವ.
ನನಗದು ಗೊತ್ತಿರಲಿಲ್ಲ.
ನಾಲಿಗಿ ಅಂಗಳಕ್ಕ ಹಚ್ಚಿ ಸಪ್ಪಳ ಮಾಡಿ ತೋರಿಸಿದೆ,
ಟಕ್, ನೋಡ್ರಿ, ಹಿಂಗ, ಟಕ್.
ಅಂವ ನನ್ನ ಬಾಯಿ ನೋಡಿದ. ಆಮ್ಯಾಲ ಗಾಲಿ ನೋಡಿದ.
ಟೈರಿನ ಒಳಮೈ ಹೆಬ್ಬಟ್ಟಿಲೆ ಸವರಿ, ಸವದದ್ದು ತೋರಿಸಿ,
ಎಷ್ಟು ತಿಂಗಳಾತ್ರಿ ಅಂದ.
ಮೂರು ಬೆರಳು ಎತ್ತಿದೆ. ನಾಚಿಕಿ ಬಂತು.

ಜಾಕಿಗೆ ಗಾಲಿ ನೆಲ ಬಿಟ್ಟಿತು.
ಒಂದು ಕೈ ಗಾಲಿಯ ನೆತ್ತಿಗೆ, ಒಂದು ಬುಡಕ್ಕ,
ದೂಡಿದ, ಎಳದ,
ಕೂಸಿನ ಹಲ್ಲು ಅಳ್ಳಾಡತೈತೇನಂತ ನೋಡೂ ಹಂಗ.
ಎಡಬಲ ಹಿಡದು ನೋಡಿದ. ಅಲ್ಲಿಲ್ಲ.
ಹಾರಿಯ ತುದಿ ಆರ್ಮಿನ ಸಂದಿಗೆ ಕೊಟ್ಟು
ಯಮನೂರಿಗೆ ಎತ್ತೋ ಅಂದ,
ತಾನು ಕಣ್ಣು ಮುಚ್ಚಿ ಕೀಲಿನ ಮ್ಯಾಲ ಅಂಗೈ ಇಟ್ಟ.
ಹುಡುಗ ಎತ್ತಿದ.
ನನಗ ಕೇಳಿಸ್ತು, ಅವಗ ಮುಟ್ಟಿತು.
ಇಬ್ಬರೂ ಒಮ್ಮೆಲೆ ತಲಿ ಎತ್ತಿದಿವಿ.

ಬಲಕ್ಕ, ತೆಳಗ! ಅಂದ,
ಕಿವಿ ಕೇಳದವರ ದೊಡ್ಡ ದನಿಲೆ.
ಬಾಜೂ ಪಂಚರ್ ಅಂಗಡ್ಯಾಂವ ಹೊಳ್ಳಿ ನೋಡಿದ.

ಸ್ಪ್ಲಿಟ್ ಪಿನ್ನು ಜಂಗು ತಿಂದು ಅರ್ಧಕ್ಕ ಮುರೀತು.
ನಟ್ಟು ಬಂತು, ಕೀಲು ಬರಲಿಲ್ಲ.
ಯಮನೂರಿ ಸಿಟ್ಟಿಲೆ ಅದರ ತಲಿಗೇ ಸುತ್ತಿಗಿ ಎತ್ತಿದ.
ದಾವಲಸಾಬ ಅವನ ಮಣಿಕಟ್ಟು ಹಿಡದ:
ಅದಕ್ಕ ಬಡೀಬ್ಯಾಡ. ಅದನ್ನ ಹಿಡದಿಟ್ಟ ಮನಿಗೆ ಬಡಿ,
ಬಾಜೂದಿಂದ.
ಎರಡು ಪೆಟ್ಟಿಗೆ ಏನೂ ಇಲ್ಲ. ಮೂರಕ್ಕ
ತಾನ ಇಳದು ಬಂತು.

ರಬ್ಬರಿನ ಟೊಪಿಗಿ ಹರದಿತ್ತು,
ಗ್ರೀಸು ಅನ್ನೂದು ಕೆಂಪು ಮಣ್ಣಾಗಿತ್ತು.
ಬಟ್ಟಲದೊಳಗಿನ ಗುಂಡು
ಖಾಲಿ ಗಡಿಗ್ಯಾಗಿನ ಸವುಟಿನಂಗ
ಹೇಳಿದ ಕಡೆ ಹೊಳ್ಳತಿತ್ತು.
ಇನ್ನೊಂದು ಮಳಿಗಾಲ ಬಿಟ್ಟಿದ್ರ, ಅಂದ,
ಗಾಲಿ ಗುಳೇದಗುಡ್ಡಕ್ಕ ಹೋಗತಿತ್ತು,
ನೀವು ಶಿರೂರಾಗ ಉಳೀತಿದ್ರಿ.

ಹೊಸದು ನನ್ನ ಬೆರಳಿಗೆ ಬಗ್ಗಲಿಲ್ಲ.
ಎಡದ್ದೂ ಹಾಕಸ್ರಿ, ಇದರ ವಾರಗಿದು, ಅಂದ.
ಬರೂ ತಿಂಗಳ ಅಂತ ಕೈ ಮಾಡಿದೆ.
ಅಲೈನ್‌ಮೆಂಟಿಗೆ ಬ್ಯಾರೆ ಅಂಗಡಿ, ಬ್ಯಾರೆ ರೊಕ್ಕ.

ನೋಡಾಕಂತ ಬಾಜೂಕ ಕುಂತು ಬಂದ.
ಡ್ಯಾಶ್‌ಬೋರ್ಡಿನ ಮ್ಯಾಲ ಅಂಗೈ.
ಒಂದು ಹಂಪು. ಎರಡು. ರೈಲು ಗೇಟು.
ಹೋತೇನ್ರಿ? ಅಂದ.
ಹೋತು ಅಂದೆ, ಕೇಳಸಲಿಲ್ಲ, ತಲಿ ಹಾಕಿದೆ.
ತುಸು ಹೊತ್ತು ಸುಮ್ಮ ಕುಂತು
ಕಿಟಕಿ ಕಡೆ ನೋಡಕೋತ ಕೇಳಿದ,
ಸಪ್ಪಳ ಹೆಂಗಿತ್ತ್ರಿ ಅದು?

ಗಾಡಿ ಬಾಜೂಕ ನಿಲ್ಲಿಸಿದೆ.
ಅವನ ಕೈಯಿಂದ ಒಂದು ಗೇಣು ದೂರ
ಬೆರಳ ಗಣಿಕಿಲೆ ಡ್ಯಾಶ್‌ಬೋರ್ಡು ಬಡದೆ,
ಒಮ್ಮೆ, ಮೆಲ್ಲಕ.
ಹಾಂ, ಅಂದ. ಅದ.

ಮರುದಿನ ಟೋಸ್ಟಿನ ಡಬ್ಬಿಯ ಸೀರಿ ಬಿಚ್ಚಿದೆ.