ಬೆಂಚಿಗೆ ಗೊತ್ತಿದ್ದ ಸ್ವರ

ಮೊಂಟಾನಾದ ಬ್ಯೂಟ್ ಊರು. ಆಡ್ ಫೆಲೋಸ್ ಬಳಗದ ಸಭಾಂಗಣಕ್ಕೆ
ಗಾರೆ ಮೆತ್ತಲು ಹೋದವಳು ನಾನು.
ವೇದಿಕೆಯ ಹಿಂದೆ ಸಾಲಾಗಿ ನಿಂತಿದ್ದವು
ಬಂಗಾರ ಬಳಿದ ಕೊಳವೆಗಳು, ಇಪ್ಪತ್ತೊಂದು.
ಬೆರಳಿಂದ ತಟ್ಟಿದೆ: ಮರ.
ಒಳಗೆ ಪೊಳ್ಳೂ ಇಲ್ಲ,
ಬರೀ ಮುಖಕ್ಕೆಂದು ಕಡೆದದ್ದು.

ಅವುಗಳ ಬೆನ್ನಿಗೊಂದು ಕೋಣೆ.
ಹಲಗೆಯ ತುಂಬ ತೂತು, ಕಿರುಬೆರಳಷ್ಟು, ಮುಷ್ಟಿಯಷ್ಟು,
ಹಲ್ಲುದುರಿದ ವಸಡಿನ ಹಾಗೆ.
ಪಾರಿವಾಳದ ಗರಿ. ಒಂದು ತುಂಡು ತೊಗಲು,
ತಿದಿಯದ್ದಿರಬೇಕು,
ಮುಟ್ಟಿದರೆ ಪುಡಿ.

ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲು:
‘ಆರ್ಗನ್, ನಾನೂರು ಡಾಲರ್. ಸಾಗಣೆ ಕೊಂಡವರದ್ದು.’
ಕೊಂಡವರು ಯಾರು? ಅಲ್ಲಿ ಶಾಯಿ ಕದಡಿದೆ.
ಗುಟ್ಟು ಬಿಡೆವೆಂದು ಆಣೆಯಿಟ್ಟ ಬಳಗ;
ಕೈ ಕುಲುಕುವ ಬಗೆ, ಬಾಗಿಲಲ್ಲಿ ಉಸುರುವ ಮಾತು
ಊರ ಮಕ್ಕಳಿಗೂ ಗೊತ್ತು.
ಇದೊಂದನ್ನು ಮಾತ್ರ
ಗಟ್ಟಿಯಾಗಿ ಕಾಪಾಡಿಬಿಟ್ಟರು.

ಉಳಿದ ಸೋದರ ಒಬ್ಬನೇ, ಲೈಲ್ ಪೆನ್‌ಹ್ಯಾಲೊ, ತೊಂಬತ್ತೊಂದು.
ಹುಡುಗನಿದ್ದಾಗ ಇಲ್ಲೇ ಕೂರುತ್ತಿದ್ದನಂತೆ,
ಗಣಿಯಿಂದ ನೇರ ಬಂದ ಅಪ್ಪನ ಪಕ್ಕ.
ಹೇಗಿತ್ತು ಅಂದೆ.
ಹಾಡಿ ತೋರಿಸಲಿಲ್ಲ. ನನ್ನ ಅಂಗೈ ಹಿಡಿದು
ಬೆಂಚಿನ ಮೇಲೆ ಒತ್ತಿದ.
‘ಎಲ್ಲಕ್ಕಿಂತ ಕೆಳಗಿನದು ಕಿವಿಗೆ ಬರುತ್ತಿರಲಿಲ್ಲ,
ಇಲ್ಲಿಂದ ಹತ್ತುತ್ತಿತ್ತು. ಅಪ್ಪ ಪ್ರತಿ ಸಲವೂ
ಎದ್ದು ನಿಂತುಬಿಡುತ್ತಿದ್ದ,
ಸುರಂಗ ಕುಸಿಯಿತೇನೋ ಎಂದು.’

ಕಾದೆವು. ಬಾಂಡಲಿಯಲ್ಲಿ ಗಾರೆ ಗಟ್ಟಿಯಾಗುತ್ತಿತ್ತು.
ಹೊರಗೆ ಲಾರಿಯೊಂದು ಹಾದು
ಮರ ಸಣ್ಣಗೆ ನಡುಗಿತು.
ಅವನ ಮುಖ ನೋಡಿದೆ.
‘ಇದಲ್ಲ’ ಅಂದ.
ಕೈ ಮಾತ್ರ ತೆಗೆಯಲಿಲ್ಲ.